ಹಿಂದಿನ ಸೀಟಿನಲ್ಲಿ ಕೇಳಿಸಿದ್ದು

ಆ ದಿನ ಬೆಳಿಗ್ಗೆ ಉಮ್ಮಚಗಿಯ ಸುಬ್ರಾಯ ಭಟ್ಟರ ಕಾರು ಬಂದಿತ್ತು. ಹಿಂದುಗಡೆ ಎಲ್ಲೋ ಟಕ್ ಟಕ್ ಎನ್ನುತ್ತದೆ, ಅದೂ ಅವರೊಬ್ಬರೇ ಇದ್ದಾಗ ಮಾತ್ರ. ಮನೆಯವರನ್ನೆಲ್ಲ ಕೂರಿಸಿಕೊಂಡರೆ ಸದ್ದೇ ಇಲ್ಲ ಎಂಬುದು ಅವರ ದೂರು.

"ಹಂಗಾದ್ರ ಅವ್ವಾರನ್ನ ಯಾವಾಗ್ಲೂ ಕರ್ಕೊಂಡ ಅಡ್ಡಾಡ್ರಿ ಭಟ್ರ. ರಿಪೇರಿ ಯಾಕ ಬೇಕು?" ಎಂದ ಬಸಣ್ಣ.

"ಟಕ್ ಟಕ್ ನಿಲ್ತದೋ ಮಾರಾಯಾ, ಬೇರೆ ಸದ್ದು ಶುರುವಾಗ್ತದೆ," ಎಂದು ಭಟ್ಟರು ನಗುತ್ತ ಹೊರಗಿನ ಬೆಂಚಿನ ಮೇಲೆ ಕೂತರು.

ಬಸಣ್ಣ ಸ್ಟಿಯರಿಂಗ್ ಹಿಡಿದು ನನ್ನನ್ನು ಕೂಗಿದ: "ಏ ಗಣಪಾ, ಹಿಂದ ಕುಂದ್ರು ಬಾ."

ನಾನು ಕೈ ಒರೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ, ಕಣ್ಣು ಮುಚ್ಚಿದೆ. ಇಸಳೂರಿನವರೆಗೆ ಹೋಗಿ ತಿರುಗಿ ಬಂದೆವು. ದಾರಿಯಲ್ಲಿ ಇಬ್ಬರೂ ಒಂದು ಮಾತೂ ಆಡಲಿಲ್ಲ. ಗ್ಯಾರೇಜಿಗೆ ಬಂದು ಇಳಿದ ಮೇಲೆ ಒಬ್ಬೊಬ್ಬರೂ ಒಂದೊಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು, ತಪ್ಪು ಎಲ್ಲಿದೆ ಎನಿಸಿತೋ ಅಲ್ಲಿ ಕಾರಿನ ಕೆಳಗೆ ನೆಲದ ಮೇಲೆ ಇಬ್ಬರೂ ಒಂದೇ ಹೊತ್ತಿಗೆ ಗುರುತು ಹಾಕಿದೆವು. ಅವನದು ದುಂಡು, ನನ್ನದು ಗೀಟು. ನನ್ನ ಗೀಟು ಅವನ ದುಂಡಿನ ಒಳಗೇ ಬಿದ್ದಿತ್ತು: ಬಲಗಡೆಯ ಹಿಂದಿನ ಶಾಕಪ್ಸರ್ ಮೇಲೆ. ಬಿಚ್ಚಿದಾಗ ಅದರ ಮೇಲಿನ ರಬ್ಬರ್ ಬುಷ್ ಸವೆದು ಸಡಿಲಾಗಿತ್ತು. ಭಾರ ಬಿದ್ದರೆ ಒತ್ತಿಕೊಂಡು ಸುಮ್ಮನಿರುತ್ತಿತ್ತು, ಖಾಲಿಯಾದರೆ ಬಡಿಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತೆವು. ಅವನದು ರೊಟ್ಟಿ ಪಲ್ಯ. ನನ್ನ ಡಬ್ಬಿಯಲ್ಲಿ ಆ ದಿನ ಮೀನಿತ್ತು. ಮೀನು ತಂದ ದಿನ ಅವನು ನನ್ನ ಪಕ್ಕದಲ್ಲೇ ಕೂತು, ಬಾಗಿಲ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಎದ್ದು ಬೇರೆ ಕಡೆ ಹೋದವನಲ್ಲ.

ನಾವಿಬ್ಬರೇ ಇದ್ದ ಕೊನೆಯ ಸಾಮಾನ್ಯ ದಿನ ಅದು. ಆಗ ಅದು ಗೊತ್ತಿರಲಿಲ್ಲ. ಮರುದಿನ ಕಾರು ಒಯ್ಯಲು ಬಂದ ಭಟ್ಟರು ಬಸಣ್ಣನ ಫೋನ್ ಕೈಗೆ ತೆಗೆದುಕೊಂಡು ಅವನನ್ನು ಒಂದು ಗ್ರೂಪಿಗೆ ಸೇರಿಸಿದರು.

ನಾನು ಗಣಪತಿ, ಸಿದ್ದಾಪುರ ತಾಲೂಕಿನವನು. ಬಸಣ್ಣ ಬನವಾಸಿ ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು. ಶಿರಸಿಯಲ್ಲಿ ಇಬ್ಬರೂ ಸೇರಿ ಒಂದು ಗ್ಯಾರೇಜು ನಡೆಸಿದೆವು. ಈಗ ಅವನಿಲ್ಲ, ನಾನು ಕೆಲಸ ಬಿಟ್ಟಿದ್ದೇನೆ. ಗ್ಯಾರೇಜನ್ನು ಈಗ ನಡೆಸುತ್ತಿರುವವರು, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗುವ ಹಾಗೆ ಏನಾದರೂ ಬರೆದುಕೊಡಿ ಎಂದರು. ನಾನು ಏಳನೇ ಇಯತ್ತೆ ಓದಿದವನು, ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬಸಣ್ಣನನ್ನು ಬಿಟ್ಟು ಬರೆಯಲು ಬರುವುದಿಲ್ಲ.

ಸೀಮೆಸುಣ್ಣದ ಪದ್ಧತಿ ನಮ್ಮದಲ್ಲ. ಖಾದರ್ ಸಾಬರು ಎಂಬ ಮೇಸ್ತ್ರಿಯ ಕೈಕೆಳಗೆ ನಾವಿಬ್ಬರೂ ಕೆಲಸ ಕಲಿತೆವು. ಮೊದಮೊದಲು ಒಬ್ಬ ಏನು ಹೇಳುತ್ತಾನೋ ನೋಡಿಕೊಂಡು ಇನ್ನೊಬ್ಬ ಅದನ್ನೇ ಹೇಳುತ್ತಿದ್ದ. ಹೆಚ್ಚಾಗಿ ನೋಡಿ ಹೇಳುತ್ತಿದ್ದವನು ನಾನು. ಮೇಸ್ತ್ರಿಗೆ ಅದು ತಿಳಿದು, "ಬಾಯಿ ಬಂದ್, ಕಿವಿ ಖುಲ್ಲಾ. ಒಬ್ರ ಮಾತು ಇನ್ನೊಬ್ರ ಕಿವಿಗೆ ಹೋಗ್ಬಾರ್ದು," ಎಂದು ಇಬ್ಬರ ಕೈಗೂ ಸೀಮೆಸುಣ್ಣ ಕೊಟ್ಟರು. ಗುರುತು ಕೂಡಿದರೆ ಬಿಚ್ಚಬೇಕು. ಕೂಡದಿದ್ದರೆ ಸೀಟು ಬದಲಿಸಿಕೊಂಡು ಇನ್ನೊಂದು ಸುತ್ತು ಹೋಗಬೇಕು. ಅಲ್ಲಿಯವರೆಗೆ ನಟ್ಟು ಬಿಚ್ಚುವ ಪಾನಾ ಮುಟ್ಟುವ ಹಾಗಿಲ್ಲ.

ಹಿಂದಿನ ಸೀಟಿನವನ ಕೆಲಸ ಕಡಿಮೆಯದು ಎಂದು ತಿಳಿಯಬೇಡಿ. ಗಾಡಿ ಓಡಿಸುವವನ ಗಮನದಲ್ಲಿ ಅರ್ಧ ರಸ್ತೆಗೆ ಹೋಗುತ್ತದೆ. ಹಿಂದೆ ಕೂತವನು ತನ್ನನ್ನು ಪೂರ್ತಿ ಸದ್ದಿಗೆ ಬಿಟ್ಟುಕೊಟ್ಟವನು. ಸದ್ದು ಕಿವಿಗೆ ಮಾತ್ರ ಬರುವುದಿಲ್ಲ. ಸೀಟಿನಿಂದ ಬೆನ್ನಿಗೆ, ನೆಲದಿಂದ ಅಂಗಾಲಿಗೆ ಬರುತ್ತದೆ. ಹೊಸಬರು ಚಪ್ಪಲಿ ಬಿಚ್ಚಿ ಕೂರುವುದು ಒಳ್ಳೆಯದು.

ಇನ್ನು ಆ ಗ್ರೂಪಿನ ವಿಷಯ. ಭಟ್ಟರ ಹತ್ತಿರ ಇದ್ದದ್ದು ಒಂದು ಡೀಸೆಲ್ ಕಾರು. ಕಂಪನಿಯ ಹೆಸರು ಬೇಡ. ಹಿಂಭಾಗ ಉಬ್ಬಿಕೊಂಡಿದ್ದರಿಂದ ಜನ ಅದನ್ನು ಡುಬ್ಬ ಎನ್ನುತ್ತಿದ್ದರು. ಕಂಪನಿಯವರು ಅದನ್ನು ತಯಾರಿಸುವುದು ನಿಲ್ಲಿಸಿಬಿಟ್ಟರು. ಬಿಡಿಭಾಗ ಸಿಗುವುದು ಕಷ್ಟವಾಯಿತು, ಶೋರೂಮಿನವರು ಕೈಯೆತ್ತಿದರು. ಕಾರು ಇಟ್ಟುಕೊಂಡವರು ಮಾತ್ರ ಅದನ್ನು ಮಾರಲು ಒಪ್ಪದೆ, ಊರೂರಿನಿಂದ ಫೋನಿನಲ್ಲಿ ಒಂದಾದರು. ಡುಬ್ಬ ಬಳಗ ಎಂದು ಹೆಸರಿಟ್ಟುಕೊಂಡರು. ಅದನ್ನು ನೋಡಿಕೊಳ್ಳುತ್ತಿದ್ದವರು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟ ಪ್ರಶಾಂತ ಎಂಬುವರು. ಯಾವ ಎಣ್ಣೆ ಹಾಕಬೇಕು, ಬೆಲ್ಟ್ ಯಾವಾಗ ಬದಲಿಸಬೇಕು, ಇನ್ನೂ ಎಷ್ಟು ವರ್ಷ ಬಾಳಿಕೆ ಬಂದೀತು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅವರಲ್ಲಿ ಕಾರು ಬಿಚ್ಚಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅಲ್ಲಿಗೆ ಬಸಣ್ಣ ಹೋದ.

ಅವನಿಗೆ ಬೆರಳಲ್ಲಿ ಒತ್ತಿ ಬರೆಯುವುದು ಬೇಸರ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡಿ ಕಳಿಸುತ್ತಿದ್ದ. ಅದೇ ಜನರಿಗೆ ಹಿಡಿಸಿತು. ಯಾರೋ ಬೆಳಗಾವಿಯಿಂದ ತಮ್ಮ ಎಂಜಿನ್ನಿನ ಸದ್ದು ತುಂಬಿ ಕಳಿಸುತ್ತಿದ್ದರು; ಇವನು ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಅವನು ಕಣ್ಣು ಮುಚ್ಚಿದ್ದನ್ನು ಅಲ್ಲಿಯವರೆಗೆ ನಾನು ಗಾಡಿಯ ಹಿಂದಿನ ಸೀಟಿನಲ್ಲಿ, ನಾವು ಸೀಟು ಬದಲಿಸಿಕೊಂಡ ದಿನ ಮಾತ್ರ ನೋಡಿದ್ದೆ.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಕೊಡುವುದರಲ್ಲಿ ಅರ್ಥವಿಲ್ಲ.

"ಅದ್ರಲ್ಲಿ ಬರೂದು ಅರ್ಧ ಸದ್ದು ಮಾರಾಯಾ. ಬೆನ್ನಿಗೆ ಎಂತ ಬರ್ತದೆ ಅದ್ರಲ್ಲಿ?" ಎಂದೆ.

"ಅರ್ಧ ಬಂದ್ರ ಸಾಕಲೊ. ಉಳಿದರ್ಧ ನಾ ಕೇಳಿ ತಗೋತೇನಿ. ಮುಂಜಾನೆ ಬರ್ತೈತೇನ್ರಿ, ಸಂಜಿಕ ಬರ್ತೈತೇನ್ರಿ ಅಂತ," ಎಂದ.

"ನನ್ ಹತ್ರ ಯಾವತ್ತಾದ್ರೂ ಇಷ್ಟು ಕೇಳಿದ್ಯಾ?"

"ನಿನಗ ಕೇಳೂದೇನೈತಿ? ನೀ ಇಲ್ಲೇ ಅದಿಯಲ್ಲ."

ನಾನು ಪಾನಾ ಎತ್ತಿಕೊಂಡು ಕಾರಿನ ಕೆಳಗೆ ಹೋದೆ. 

ಹೊಸಬರಿಗೆ ಒಂದು ಮಾತು. ಯಾವ ಕಾರು ಒಳ್ಳೆಯದು ಎಂದು ಜನ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಮೊದಲು ನಮ್ಮ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ಬಸಣ್ಣ ತಿರುಗಿ ಕೇಳುತ್ತಿದ್ದ: ಮನೆಗೆ ಹೋಗುವ ದಾರಿ ಡಾಂಬರೋ ಮಣ್ಣೋ? ವಾರಕ್ಕೆ ಎಷ್ಟು ಸಲ ತೆಗೆಯುತ್ತೀರಿ? ಗಾಡಿ ನಿಲ್ಲಿಸುವ ಕಡೆ ಇಲಿ ಇದೆಯೋ? ಇಷ್ಟು ಕೇಳಿದ ಮೇಲೆ ಉತ್ತರ ಅವರಿಗೇ ಹೊಳೆಯುತ್ತಿತ್ತು. ಗ್ರೂಪು ಬಂದ ಮೇಲೆ ಜನ ಕಾರು ಗೊತ್ತುಮಾಡಿಕೊಂಡೇ ಬರತೊಡಗಿದರು. ನಮ್ಮಿಂದ ಹೌದು ಎನಿಸಿಕೊಂಡರೆ ಅವರಿಗೆ ಸಾಕು. ಇಲ್ಲ ಎಂದರೆ ಸಿಟ್ಟು. ಬೆಂಚು ಖಾಲಿಯಾಯಿತು, ಬಸಣ್ಣನ ಫೋನು ತುಂಬಿತು. ಅದೇ ಪ್ರಶ್ನೆಗಳನ್ನು ಅವನು ಅದರಲ್ಲಿ ಕೇಳುತ್ತಿದ್ದ.

ಗ್ರೂಪಿನವರು ಹೇಳಿದ್ದೆಲ್ಲ ಸುಳ್ಳು ಎಂದು ಬರೆಯಲು ನನಗೆ ಆಸೆಯಿದೆ. ಆದರೆ ಹಾಗಿರಲಿಲ್ಲ.

ಒಮ್ಮೆ ಒಂದು ಡುಬ್ಬ ಬಂತು, ವೇಗ ಏರಿದಂತೆ ಮುಂದಿನಿಂದ ಗುಂಯ್ ಎನ್ನುವ ಸದ್ದು. ಸುತ್ತು ಹೋಗಿ ಬಂದೆವು. ಗೀಟು ದುಂಡಿನ ಒಳಗೆ ಬಿತ್ತು: ಮುಂದಿನ ಎಡಗಾಲಿಯ ಬೇರಿಂಗ್. ಬದಲಿಸಿದೆವು. ಸದ್ದು ಹೋಗಲಿಲ್ಲ. ಬಲಗಡೆಯದೂ ಬದಲಿಸಿದೆವು. ಸದ್ದು ಅಲ್ಲೇ ಇತ್ತು. ಬಸಣ್ಣ ಗ್ರೂಪಿನಲ್ಲಿ ಕೇಳಿದ. ದಾವಣಗೆರೆಯಿಂದ ಒಬ್ಬರು, ಮುಂದಿನ ಟೈರುಗಳನ್ನು ಹಿಂದೆ ಹಾಕಿ ನೋಡಿ, ಸದ್ದೂ ಹಿಂದೆ ಹೋದರೆ ಅದು ಟೈರಿನದು ಎಂದರು. ಹಾಕಿದೆವು. ಸದ್ದು ಹಿಂದೆ ಹೋಯಿತು. ಟೈರು ಒಂದೇ ಕಡೆ ಅಲೆಅಲೆಯಾಗಿ ಸವೆದಿತ್ತು, ಅಂಗೈ ಆಡಿಸಿದ್ದರೆ ನಮಗೇ ಗೊತ್ತಾಗುತ್ತಿತ್ತು. ಎರಡು ಗುರುತು ಕೂಡಿದರೆ ಅದು ನಿಜ ಎಂದು ನಾವು ಅಷ್ಟು ವರ್ಷ ನಂಬಿದ್ದೆವು. ಬಹಳ ಕಾಲ ಒಟ್ಟಿಗಿದ್ದ ಇಬ್ಬರು ಒಟ್ಟಿಗೇ ತಪ್ಪುತ್ತಾರೆ. ಆದ್ದರಿಂದ ಮೊದಲು ಟೈರು ಮುಟ್ಟಿ ನೋಡಿ, ಆಮೇಲೆ ಕಿವಿ ಕೊಡಿ.

ಬಸಣ್ಣ ದಾವಣಗೆರೆಯವರಿಗೆ, "ಭಾರಿ ಹೇಳಿದ್ರಿ ಸರ್, ನಿಮ್ಮಿಂದ ಒಂದು ಕಲ್ತಂಗಾತು," ಎಂದು ಕಳಿಸಿದ. ನಾನು ಪಕ್ಕದಲ್ಲೇ ಹಳೆಯ ಬೇರಿಂಗ್ ಒರೆಸುತ್ತಿದ್ದೆ. ನನ್ನಿಂದ ಕಲಿತೆ ಎಂದು ಅವನು ಯಾವತ್ತೂ ಅಂದಿರಲಿಲ್ಲ.

ನನ್ನ ದಿನವೂ ಬಂತು. ನಂದೊಳ್ಳಿಯ ಶಾಲೆಯ ಟೀಚರೊಬ್ಬರ ಕಾರು. "ಬ್ರೇಕ್ ಹಾಕಿದ್ರೆ ಕೊಡಪಾನ ಅಲ್ಲಾಡಿಸಿದ ಹಾಂಗೆ ಕೇಳ್ತದೆ. ಡ್ರೈವರ್ ಬಾಗಿಲಲ್ಲಿ ಯಾರೋ ನೀರು ತುಂಬಿಟ್ಟಿದ್ದಾರೆ ಅಂತ ಕಾಣ್ತದೆ," ಎಂದರು. ತಮಾಷೆ ಎಂದುಕೊಂಡೆವು. ಬಾಗಿಲು ಅಲ್ಲಾಡಿಸಿದೆ, ನಿಜವಾಗಿಯೂ ನೀರಿತ್ತು. ಬಾಗಿಲಿನ ತಳದಲ್ಲಿ ಮಳೆನೀರು ಹೋಗಲು ಸಣ್ಣ ತೂತುಗಳಿರುತ್ತವೆ. ತುಕ್ಕು ಹಿಡಿಯಬಾರದೆಂದು ಗ್ರೂಪಿನಲ್ಲಿ ಯಾರೋ ಹೇಳಿದ ಕಪ್ಪು ಲೇಪವನ್ನು ಬಳಿಸಿಕೊಂಡಿದ್ದರು. ಅದು ತೂತುಗಳನ್ನೆಲ್ಲ ಮುಚ್ಚಿತ್ತು. ಬಿಸಿಲೂರಿನವರ ಸಲಹೆ. ನಮ್ಮ ಮಳೆ ಅವರಿಗೆ ಏನು ಗೊತ್ತು? ನಾನು ತಂತಿಯಿಂದ ಚುಚ್ಚಿದೆ. ನೀರು ಸುರಿದು ನನ್ನ ಪ್ಯಾಂಟೆಲ್ಲ ಒದ್ದೆಯಾಯಿತು.

"ಟೀಚರ್, ನಿಮ್ ಮಕ್ಳಿಗೆ ಮೀನು ಸಾಕೂಕೆ ಹೇಳ್ಬಹುದಿತ್ತು," ಎಂದೆ. ಅವರೂ ನಕ್ಕರು, ಬಸಣ್ಣನೂ ನಕ್ಕ. ಅವತ್ತು ನನ್ನ ಹೊಟ್ಟೆ ತಣ್ಣಗಾಗಿತ್ತು.

ಬಸಣ್ಣ ಆ ತೂತುಗಳ ಚಿತ್ರ ತೆಗೆದು, ಮಾತಾಡಿ ಕಳಿಸಿದ. ಮಳೆ ಜಾಸ್ತಿ ಇರೋ ಕಡೆಯವರು ಲೇಪ ಹಚ್ಚುವಾಗ ಎಚ್ಚರ ಎಂದು. ಸಂಜೆಯೊಳಗೆ ಅವನ ಫೋನಿನ ತುಂಬ ಕೈಮುಗಿಯುವ ಚಿತ್ರಗಳು. ನಮ್ಮ ಬಸಣ್ಣ, ನಮ್ಮ ಬಸಣ್ಣ ಎಂದು ಎಲ್ಲರೂ. ಅವನು ನನಗೆ ತೋರಿಸಿದ. ನನ್ನ ಪ್ಯಾಂಟು ಇನ್ನೂ ಒಣಗಿರಲಿಲ್ಲ.

"ಯಾರಿಗೋ ನೀನು ನಮ್ಮ ಬಸಣ್ಣ? ಅವ್ರು ಒಬ್ರಾದ್ರೂ ನಿನ್ ಮುಖ ನೋಡಿದ್ದಾರನಾ?" ಎಂದೆ.

"ಮುಖ ನೋಡಾಕ ನೀ ಅದಿಯಲ್ಲೊ. ದಿನಾ ನೋಡಿ ನೋಡಿ ನಿನಗ ಬ್ಯಾಸರಾಗೇತಿ, ಅಷ್ಟ," ಎಂದು ಫೋನನ್ನು ಜೇಬಿಗೆ ಹಾಕಿದ.

"ನಾನೂ ಸೇರ್ತೇನೆ ಅಂದ್ರೆ?"

"ಸೇರು. ಯಾರ್ ಬ್ಯಾಡ ಅಂತಾರ? ಭಟ್ಟರಿಗೆ ಹೇಳ್ತೇನಿ."

ನಾನು ಸೇರಲಿಲ್ಲ. ಹತ್ತಿರವೇ ಕೂತವನ ಮಾತು ಕೇಳಲು ನಾನು ಹುಬ್ಬಳ್ಳಿಯವರ ಸಾಲಿನಲ್ಲಿ ನಿಲ್ಲಬೇಕೇ ಎನಿಸಿತು.

ನಮ್ಮ ಸುತ್ತುಗಳು ನಿಲ್ಲಲಿಲ್ಲ, ಆದರೆ ಮೊದಲಿನ ಹಾಗೆ ಉಳಿಯಲಿಲ್ಲ. ಅವನು ಸ್ಟಿಯರಿಂಗ್ ಹಿಡಿದಾಗ ಜೇಬಿನಲ್ಲಿ ಫೋನು ಟಿಂಗ್ ಎನ್ನುತ್ತಿತ್ತು. ಕಣ್ಣು ಮುಚ್ಚಿಕೊಂಡು ಕೂತ ನನಗೆ ಗಾಡಿಯ ಸದ್ದಿಗಿಂತ ಅದೇ ದೊಡ್ಡದಾಗಿ ಕೇಳುತ್ತಿತ್ತು. ಒಂದು ದಿನ ಸುತ್ತು ಮುಗಿಸಿ ಬಂದಾಗ ನಾನು ಗೀಟು ಎಳೆದು ನಿಂತೆ. ಅವನು ಇಳಿದವನೇ ಯಾರಿಗೋ ಉತ್ತರ ಹೇಳುತ್ತ ಹೊರಗೆ ಹೋದ. ತಿರುಗಿ ಬಂದು ನನ್ನ ಗೀಟು ನೋಡಿ, "ಹೂಂ, ಅಲ್ಲೇ ಐತಿ, ಬಿಚ್ಚು," ಎಂದ. ದುಂಡು ಹಾಕಲಿಲ್ಲ. ನಾನು ಪಾನಾ ತೆಗೆದುಕೊಳ್ಳಲಿಲ್ಲ.

"ದುಂಡು ಹಾಕು," ಎಂದೆ.

"ಏ, ಆತಲ್ಲೊ. ನೋಡಿದ್ನಿ."

"ನೋಡಿ ಹಾಕೂದಲ್ಲ. ಖಾದರ್ ಸಾಬ್ರು ಇದ್ದಿದ್ರೆ ಕಿವಿ ಹಿಂಡ್ತಿದ್ರು."

 ಬಸಣ್ಣ ಫೋನನ್ನು ಬೆಂಚಿನ ಮೇಲೆ ಇಟ್ಟು, "ಏ ಗಣಪಾ, ಹಿಂದ ಕುಂದ್ರು ಬಾ," ಎಂದು ಮತ್ತೆ ಗಾಡಿ ತೆಗೆದ. ಇಸಳೂರಿನವರೆಗೆ ಹೋಗಿ ಬಂದು ದುಂಡು ಹಾಕಿದ. ಅದು ನನ್ನ ಗೀಟಿನಿಂದ ಒಂದು ಮೊಳ ದೂರ ಬಿತ್ತು. ಬಿಚ್ಚಿದಾಗ ಅವನದೇ ಸರಿಯಿತ್ತು. ಬೆಂಚಿನ ಮೇಲೆ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು, ಕೆಲಸ ಮುಗಿಯುವವರೆಗೆ ಅವನು ಅತ್ತ ನೋಡಲಿಲ್ಲ. ಅದಾದ ಮೇಲೆ ದುಂಡು ಹಾಕುವುದನ್ನು ಅವನು ಯಾವತ್ತೂ ತಪ್ಪಿಸಲಿಲ್ಲ. ಫೋನನ್ನೂ ಬಿಡಲಿಲ್ಲ.

ಅವನು ಇಸಳೂರಿನಲ್ಲೇ ಮನೆ ಕಟ್ಟಿಸಿದ್ದ. ಕಳೆದ ಮಳೆಗಾಲ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ನಾನು ಗ್ಯಾರೇಜಿನ ಶಟರ್ ಎತ್ತಿ, ಕಸ ಗುಡಿಸಿ, ಬೆಂಚಿನ ಮೇಲೆ ಕೂತು ಅವನ ಬೈಕಿನ ಸದ್ದಿಗೆ ಕಾಯುತ್ತಿದ್ದೆ. ಫೋನು ಬಂತು. ಸುಬ್ರಾಯ ಭಟ್ಟರು.

"ಗಣಪತಿ, ಗ್ರೂಪಲ್ಲಿ ಬಂತಲ್ಲೋ. ಹೌದನೋ?"

"ಎಂತ ಬಂತು ಭಟ್ರೇ?"

 "ನಿಂಗೆ ಗೊತ್ತಿಲ್ಯನೋ," ಎಂದರು ಭಟ್ಟರು. ಪಕ್ಕದಲ್ಲಿದ್ದ ಹೆಂಡತಿಗೆ ಮೆಲ್ಲಗೆ ಹೇಳಿದ್ದೂ ಕೇಳಿಸಿತು: "ಅವಂಗೇ ಗೊತ್ತಿಲ್ಲೆ ಮಾರಾಯ್ತಿ, ಎಂತ ಹೇಳವು ಈಗ?"

ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಬಸಣ್ಣ ಎದೆ ಒತ್ತಿಕೊಂಡು ಜಗುಲಿಯ ಮೇಲೆ ಕೂತನಂತೆ, ಮತ್ತೆ ಏಳಲಿಲ್ಲವಂತೆ. ಅದೇ ಹೊತ್ತಿಗೆ ಹುಬ್ಬಳ್ಳಿಯ ಪ್ರಶಾಂತ ಅವರು ಯಾವುದೋ ಗಾಡಿಯ ವಿಷಯ ಕೇಳಲು ಅವನಿಗೆ ಫೋನ್ ಮಾಡಿದ್ದಾರೆ. ಅವನ ಹೆಂಡತಿ ಗಿರಿಜಕ್ಕ ಅಳುತ್ತ ಎತ್ತಿದ್ದಾರೆ. ವಿಷಯ ತಿಳಿದ ಪ್ರಶಾಂತ ಅವರು ಅದನ್ನು ಗ್ರೂಪಿಗೆ ಹಾಕಿದ್ದಾರೆ. ನನಗೆ ಹೇಳಲು ಗಿರಿಜಕ್ಕ ಕಳಿಸಿದ ಪಕ್ಕದ ಮನೆಯವರು ಗ್ಯಾರೇಜಿಗೆ ಬರುವಷ್ಟರಲ್ಲಿ ನಾನು ಹೊರಟುಬಿಟ್ಟಿದ್ದೆ. ಅವನು ಹೋದದ್ದು ನನಗಿಂತ ಮೊದಲು ಹುಬ್ಬಳ್ಳಿಗೆ, ಬೆಳಗಾವಿಗೆ, ದಾವಣಗೆರೆಗೆ ಗೊತ್ತಾಗಿತ್ತು. ಯಾರ ತಪ್ಪೂ ಅಲ್ಲ. ಆದರೂ ನಾನು ಅದನ್ನು ನುಂಗಿಕೊಂಡಿಲ್ಲ.

ಬಸಣ್ಣನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಬಳಗದವರು ಬಂದರು. ಇಸಳೂರಿನ ಹೊಸ ಮನೆಗಳ ಮುಂದೆ ಉದ್ದಕ್ಕೂ ಡುಬ್ಬಗಳು ನಿಂತವು. ನಾನು ಪಂಕ್ತಿಗೆ ನೀರು ಬಡಿಸುತ್ತಿದ್ದೆ. ಬಂದವರೆಲ್ಲ ಗಿರಿಜಕ್ಕನ ಮುಂದೆ ನಿಂತು, ಬಸಣ್ಣಾರು ನಮಗ ಹಿಂಗ ಹೇಳಿದ್ರು, ಹಂಗ ಹೇಳಿದ್ರು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ ಅವರ ಮಾತನ್ನು ಆಸೆಯಿಂದ ಕೇಳುತ್ತಿದ್ದರು. ನನ್ನ ಹತ್ತಿರ ಹಾಗೆ ಹೇಳಲು ಒಂದು ಕತೆಯೂ ಇರಲಿಲ್ಲ. ದಿನಾ ಆಗುತ್ತಿದ್ದದ್ದನ್ನು ಕತೆ ಎಂದು ಹೇಗೆ ಹೇಳುವುದು?

ಅವರು ಹೊರಡುವಾಗ ಒಂದು ಡುಬ್ಬ ಸ್ಟಾರ್ಟ್ ಆದದ್ದು ಕೇಳಿಸಿತು. ಎಂಜಿನ್ ನಡುಗಿ ಒಮ್ಮೆ ದಢ್ ಎಂದಿತು. ಎಂಜಿನ್ ಹಿಡಿದಿಡುವ ಎಡಗಡೆಯ ಮೌಂಟಿಂಗ್ ಹೋಗಿದೆ. ನಾನು ನೀರಿನ ಜಗ್ಗು ಕೈಯಲ್ಲಿ ಹಿಡಿದೇ ಹೋಗಿ ಓಡಿಸುವವರಿಗೆ ಹೇಳಿದೆ.

"ಹೌದೇನ್ರಿ? ಥ್ಯಾಂಕ್ಸ್ ರಿ ಯಜಮಾನ್ರ," ಎಂದರು ಅವರು. "ಯಾವುದಕ್ಕೂ ಒಮ್ಮೆ ಗ್ರೂಪ್‌ನ್ಯಾಗ ಕೇಳಿ ನೋಡ್ತೇನ್ರಿ."

ಯಾರನ್ನು ಕೇಳುತ್ತೀರಿ ಎಂದು ನಾನು ಕೇಳಲಿಲ್ಲ. ಅವರಿಗೂ ಆಮೇಲೆ ಹೊಳೆದಿರಬೇಕು. ಜೇಬಿನಿಂದ ತೆಗೆದ ಫೋನನ್ನು ಮತ್ತೆ ಜೇಬಿಗೇ ಹಾಕಿಕೊಂಡರು.

ಆಮೇಲೆ ಕೆಲವು ತಿಂಗಳು ನಾನೊಬ್ಬನೇ ಗ್ಯಾರೇಜು ತೆಗೆದೆ. ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಯಂತ್ರ ಬಂತು, ಅದು ಸುಳ್ಳು ಹೇಳುವುದಿಲ್ಲ, ನೀವು ಚೆನ್ನಾಗಿ ಕಲಿಯಿರಿ. ಆದರೆ ಸುತ್ತು ಹೋಗಲು ಇಬ್ಬರು ಬೇಕು. ಗಾಡಿ ಓಡಿಸುತ್ತ ನಾನೇ ಕಿವಿ ಕೊಡುತ್ತಿದ್ದೆ, ಬಂದು ಗೀಟು ಎಳೆದು ಅದರ ಮುಂದೆ ನಿಲ್ಲುತ್ತಿದ್ದೆ. ಸರಿಯೋ ತಪ್ಪೋ ತಿಳಿಯದೆ ಬಿಚ್ಚುವುದು ನನಗೆ ಅಭ್ಯಾಸವಿರಲಿಲ್ಲ. ಗ್ಯಾರೇಜು ಬೇರೆಯವರಿಗೆ ಬಿಟ್ಟುಕೊಟ್ಟೆ.

ಮೊನ್ನೆ ಪ್ರಶಾಂತ ಅವರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ದ್ವೇಷಿಸಲು ಎಷ್ಟು ನೋಡಿದರೂ ಆಗಲಿಲ್ಲ. ಚಹಾ ಕುಡಿದು ಹೇಳಿದರು:

"ಗಣಪತಿಯವರ, ಬಸಣ್ಣಾರ ದನಿ ಎಲ್ಲಾ ಒಂದ ಕಡೆ ಕೂಡಸಾಕತ್ತೇವ್ರಿ. ಅವರು ಕಳಿಸಿದ್ದು ಒಂದೂ ಅಳಿಸಿಲ್ಲ ನಾವು. ಹೊಸದಾಗಿ ಬರೋರಿಗೆ ಉಪಯೋಗ ಆಗ್ತೈತಿ. ನಿಮ್ಮ ಹತ್ರಾನೂ ಭಾಳ ಇರಬೇಕಲ್ರಿ? ಕೊಟ್ರ ಅವನ್ನೂ ಸೇರಸ್ತೇವಿ."

ನಾನು ಒಳಗೆ ಹೋಗಿ ಫೋನು ತಂದು ಅವರ ಕೈಗೇ ಕೊಟ್ಟೆ. ಅವರು ಹುಡುಕಿದರು. ಒಂದೂ ಇರಲಿಲ್ಲ. ನನಗೆ ಅವನು ಫೋನಿನಲ್ಲಿ ಮಾತಾಡಿ ಕಳಿಸಿದ್ದೇ ಇಲ್ಲ. ಕಾರಿನ ಈಚೆ ನಾನು, ಆಚೆ ಅವನು. ಯಾಕೆ ಕಳಿಸಬೇಕು?

ಅವರಿಗೆ ಪಾಪ ಎನಿಸಿರಬೇಕು, ತಮ್ಮ ಫೋನಿನಲ್ಲಿದ್ದ ಕೆಲವನ್ನು ಕೇಳಿಸಿದರು. "ನೋಡ್ರಿ ಸರ್, ಗಡಿಬಿಡಿ ಮಾಡಬ್ಯಾಡ್ರಿ, ಮೊದ್ಲ ಎಂಜಿನ್ ತಣ್ಣಗಾಗ್ಲಿ." ಅವನದೇ ಧ್ವನಿ. "ಮೇಡಮ್ಮಾರ, ಹೆದರಬ್ಯಾಡ್ರಿ, ಮನಿಗೆ ಹೋಗಿ ಮುಟ್ಟತೈತಿ ಗಾಡಿ." ಎಷ್ಟು ಸಮಾಧಾನದಿಂದ ಮಾತಾಡುತ್ತಿದ್ದ! ನನ್ನ ಜೊತೆ ಹಾಗೆ ಮಾತಾಡಿದ ನೆನಪಿಲ್ಲ. ಅಳು ಬಂತು, ಅದರ ಜೊತೆಗೇ ಹೊಟ್ಟೆಕಿಚ್ಚೂ ಬಂತು.

ಒಂದರಲ್ಲಿ ಅವನ ಮಾತಿನ ಹಿಂದೆ ಯಾರೋ ತಗಡು ಬಡಿಯುವ ಸದ್ದಿತ್ತು. ಪ್ರಶಾಂತ ಅವರು, "ಇದರಾಗ ಹಿಂದ ಬರೇ ಸಪ್ಳ ಐತ್ರಿ. ಕಂಪ್ಯೂಟರಿನ್ಯಾಗ ಹಾಕಿ ಅದನ್ನ ತೆಗಸ್ತೇವಿ, ಆಗ ಮಾತು ಸ್ವಚ್ಛ ಕೇಳ್ತಾವು," ಎಂದರು.

"ತೆಗೀಬೇಡಿ. ಅದು ನಾನು," ಎಂದೆ.

ಅವರು ತೆಗೆಯುವುದಿಲ್ಲ ಎಂದು ಮಾತು ಕೊಟ್ಟರು. ಎಲ್ಲವನ್ನೂ ನನ್ನ ಫೋನಿಗೆ ಹಾಕಿಕೊಟ್ಟು ಹೋದರು. ಮಧ್ಯಾಹ್ನ ಊಟವಾದ ಮೇಲೆ ಒಂದೊಂದೇ ಕೇಳುತ್ತೇನೆ. ಬೆಲ್ಟ್ ಇದೆ, ಬೇರಿಂಗ್ ಇದೆ, ನಂದೊಳ್ಳಿಯ ಬಾಗಿಲಿನ ನೀರು ಇದೆ. ಸರ್, ಮೇಡಮ್ಮಾರ, ಭಟ್ರ, ಎಲ್ಲರನ್ನೂ ಅವನು ಕರೆದಿದ್ದಾನೆ. ಎಲ್ಲವನ್ನೂ ಕೇಳಿ ಮುಗಿಸಿದ್ದೇನೆ. "ಏ ಗಣಪಾ, ಹಿಂದ ಕುಂದ್ರು ಬಾ" ಎಂಬುದು ಅದರಲ್ಲಿ ಎಲ್ಲಿಯೂ ಇಲ್ಲ.